ಹಬ್ಬದ ದೀಪಾಲಂಕಾರ (ವಿಜಯಪುರ ಜಿಲ್ಲೆ)

ಹಬ್ಬದ ದೀಪಾಲಂಕಾರ ಎಂದರೆ ಹಬ್ಬ, ಜಾತ್ರೆ, ಉರುಸು, ಜಯಂತಿ, ಮದುವೆ ಮೊದಲಾದ ಸಂದರ್ಭಗಳಲ್ಲಿ ಮನೆ, ಗುಡಿ, ಮಸೀದಿ, ಚರ್ಚು, ಅಂಗಡಿ ಹಾಗೂ ಬೀದಿಗಳ ಹೊರಭಾಗವನ್ನು ದೀಪಗಳಿಂದ ಸಿಂಗರಿಸುವ ರೂಢಿ. ಕ್ರಿಸ್‌ಮಸ್ ಕಾಲದಲ್ಲಿ ಪಾಶ್ಚಾತ್ಯ ದೇಶಗಳ ಮನೆಗಳ ಮುಂದೆ ಕಾಣುವ ವಿದ್ಯುದ್ದೀಪಗಳ ಸಿಂಗಾರ ಇದರ ಜಗತ್ಪ್ರಸಿದ್ಧ ರೂಪ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನಬಾಗೇವಾಡಿ ಭಾಗದಲ್ಲಿ ಕ್ರೈಸ್ತರ ಸಂಖ್ಯೆ ತೀರ ಕಡಿಮೆ. ಇಲ್ಲಿ ದೀಪಾವಳಿ, ಕಾರ್ತಿಕೋತ್ಸವ, ಊರ ಜಾತ್ರೆ, ಗಣೇಶೋತ್ಸವ, ಈದ್ ಮಿಲಾದ್ ಮತ್ತು ಬಸವ ಜಯಂತಿಗಳು ಆ ಸ್ಥಾನವನ್ನು ತುಂಬಿವೆ. ದೀಪದ ಸರ ಎಲ್ಲ ಕಡೆಯೂ ಒಂದೇ. ಅಂದ ಎಲ್ಲಿ ಮುಗಿಯಿತು, ಅತಿ ಎಲ್ಲಿ ಆರಂಭವಾಯಿತು ಎಂಬ ಜಗಳವೂ ಎಲ್ಲ ಕಡೆ ಒಂದೇ. ಆದರೆ ಕರೆಂಟಿನ ವೇಳೆಯನ್ನು ನೋಡಿಕೊಂಡು ಹೊಲಕ್ಕೆ ನೀರು ಹಾಯಿಸಬೇಕಾದ ಈ ಸೀಮೆಯಲ್ಲಿ ಆ ಜಗಳಕ್ಕೆ ರುಚಿಯ ಪ್ರಶ್ನೆಯನ್ನು ಮೀರಿದ ಒಂದು ಮುಖವಿದೆ.

ಹೆಸರುಗಳು

ದೀಪಾವಳಿಯಲ್ಲಿ ಮನೆಯ ಮುಂದೆ ಎತ್ತರಕ್ಕೆ ತೂಗುಹಾಕುವ, ಬಿದಿರಿನ ಕಡ್ಡಿ ಮತ್ತು ಬಣ್ಣದ ಕಾಗದದಿಂದ ಮಾಡಿದ ದೀಪದ ಗೂಡಿಗೆ ಈ ಭಾಗದಲ್ಲಿ ಆಕಾಶಬುಟ್ಟಿ ಎನ್ನುತ್ತಾರೆ. ಕರಾವಳಿಯಲ್ಲಿ ಅದು ಗೂಡುದೀಪ, ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಆಕಾಶಕಂದೀಲು. ದಕ್ಷಿಣದವರು ಹಣತೆ ಎನ್ನುವ ಮಣ್ಣಿನ ದೀಪ ಇಲ್ಲಿ ಪಣತಿ. ವಿದ್ಯುತ್ ದೀಪಗಳ ಸರಕ್ಕೆ ಎಲ್ಲರೂ ಬಳಸುವ ಮಾತು ‘ಸೀರಿಯಲ್ ಸೆಟ್’. ಇದಕ್ಕೂ ದೂರದರ್ಶನದ ಧಾರಾವಾಹಿಗೂ ಸಂಬಂಧವಿಲ್ಲ. ಬಲ್ಬುಗಳನ್ನು ಒಂದರ ಹಿಂದೆ ಒಂದರಂತೆ ಸರಣಿಯಲ್ಲಿ ಜೋಡಿಸುವ ‘ಸೀರೀಸ್’ ಕ್ರಮದಿಂದ ಆ ಹೆಸರು ಬಂದಿದೆ. ಆರು ವೋಲ್ಟಿನ ಸುಮಾರು 40 ಪುಟ್ಟ ಬಲ್ಬುಗಳನ್ನು ಹೀಗೆ ಪೋಣಿಸಿದರೆ ಮನೆಯ 230 ವೋಲ್ಟು ಅವುಗಳಲ್ಲಿ ಹಂಚಿಹೋಗುತ್ತದೆ. ಒಂದು ಬಲ್ಬು ಸುಟ್ಟರೆ ಇಡೀ ಸರ ಆರುತ್ತದೆ. ಆರಿದ ಸರವನ್ನು ನೆಲದ ಮೇಲೆ ಹರವಿ, ಕೆಟ್ಟ ಬಲ್ಬು ಯಾವುದೆಂದು ಒಂದೊಂದನ್ನೇ ಕಿತ್ತು ಪರೀಕ್ಷಿಸುವುದು ಒಂದು ತಲೆಮಾರಿನ ಹುಡುಗರಿಗೆ ಹಬ್ಬದ ಹಿಂದಿನ ದಿನದ ಕೆಲಸವಾಗಿತ್ತು. ಭೌತಶಾಸ್ತ್ರದ ಸರಣಿ ಜೋಡಣೆ ಅವರಿಗೆ ಪಠ್ಯಪುಸ್ತಕಕ್ಕಿಂತ ಮೊದಲೇ ತಿಳಿದಿರುತ್ತಿತ್ತು.

ಎಣ್ಣೆಯ ಕಾಲ

ದೀಪಕ್ಕೆ ಯಾರು ವೆಚ್ಚ ಮಾಡಬೇಕು ಎಂಬ ಪ್ರಶ್ನೆ ಈ ನೆಲದಲ್ಲಿ ಬಹಳ ಹಳೆಯದು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ದೊರೆತ ಕ್ರಿ.ಶ. 945ರ ಸ್ತಂಭಶಾಸನವು ರಾಷ್ಟ್ರಕೂಟ ಅರಸ ಮೂರನೆಯ ಕೃಷ್ಣನ ಕಾಲದ್ದು. ಆತನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಬಿಟ್ಟ ದತ್ತಿಗಳನ್ನು ಅದು ಹೇಳುತ್ತದೆ. ವಿದ್ಯಾರ್ಥಿಗಳ ವಸತಿಗೆ 27 ಮನೆಗಳು ಎಂಬುದರ ಜೊತೆಗೆ, ದೀಪದ ವೆಚ್ಚಕ್ಕೆಂದೇ 12 ನಿವರ್ತನ ಭೂಮಿಯನ್ನು ಬೇರೆಯಾಗಿ ತೆಗೆದಿರಿಸಲಾಗಿತ್ತು. ಊರಿನವರು ಮದುವೆ, ಉಪನಯನ, ಚೌಲಗಳ ಸಂದರ್ಭದಲ್ಲಿ ಶಾಲೆಗೆ ನಿಗದಿತ ಕಾಣಿಕೆ ಕೊಡಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಕರ್ನಾಟಕದ ಉಳಿದ ಅನೇಕ ಶಾಸನಗಳಲ್ಲಿಯೂ ನಂದಾದೀಪಕ್ಕೆ ಗಾಣದಿಂದ ಇಷ್ಟು ಎಣ್ಣೆ ಸಲ್ಲಬೇಕೆಂಬ ವಿವರ ಕಾಣುತ್ತದೆ. ಅಂದಿನ ದೀಪಕ್ಕೆ ಒಂದು ಲೆಕ್ಕವಿತ್ತು. ಅದು ಯಾವ ಹೊಲದ, ಯಾವ ಗಾಣದ ಬೆಳಕು ಎಂಬುದು ಊರಿಗೆಲ್ಲ ಗೊತ್ತಿತ್ತು. ಎಣ್ಣೆ ತೀರಿದಾಗ ದೀಪ ತಾನಾಗಿ ಆರುತ್ತಿದ್ದುದರಿಂದ ಅತಿಯಾಗುವ ಅವಕಾಶವೂ ಕಡಿಮೆ ಇತ್ತು.

ಅನೇಕ ಗುಡಿಗಳ ಅಂಗಳದಲ್ಲಿರುವ ಕಲ್ಲಿನ ದೀಪಮಾಲೆ ಕಂಬಗಳು ಆ ಕಾಲದ ಹೊರಾಂಗಣ ದೀಪಾಲಂಕಾರದ ಉಳಿಕೆಗಳು. ಕಂಬದ ಸುತ್ತ ಚಾಚಿದ ಕಲ್ಲಿನ ಹಿಡಿಗಳ ಮೇಲೆ ಪಣತಿಗಳನ್ನಿಟ್ಟು ಕಾರ್ತಿಕದಲ್ಲಿ ಬೆಳಗುತ್ತಾರೆ. ಆಲಮಟ್ಟಿಗೆ ಸಮೀಪದ ಯಲಗೂರಿನ ಆಂಜನೇಯ ದೇವಸ್ಥಾನದ ಕಾರ್ತಿಕೋತ್ಸವ ಈ ಭಾಗದಲ್ಲಿ ಹೆಸರಾದುದು. ಧರ್ಮಸ್ಥಳದ ಲಕ್ಷದೀಪೋತ್ಸವವೂ ಇದೇ ಕಾರ್ತಿಕ ಮಾಸದಲ್ಲಿ ನಡೆಯುತ್ತದೆ. ಲಕ್ಷ ಎಂಬ ಎಣಿಕೆ ಅಲ್ಲಿ ಅತಿಯೆಂದು ಯಾರಿಗೂ ತೋರುವುದಿಲ್ಲ ಎಂಬುದನ್ನು ಗಮನಿಸಬೇಕು. ಹಣತೆಯ ಬೆಳಕು ತನ್ನ ಸುತ್ತಣ ಒಂದೆರಡು ಅಡಿಯನ್ನಷ್ಟೇ ಬೆಳಗಿ ಉಳಿದ ಕತ್ತಲೆಯನ್ನು ಹಾಗೆಯೇ ಬಿಡುತ್ತದೆ. ಆ ಕತ್ತಲೆಯಿಂದಾಗಿಯೇ ಅದು ಚಂದ ಕಾಣುತ್ತದೆ.

ದೀಪವನ್ನು ತನ್ನ ಮನೆಗೆ ಕಟ್ಟಿಕೊಳ್ಳದೆ ಬೇರೆಯವರ ಮನೆಗೆ ಒಯ್ಯುವ ಪದ್ಧತಿಯೂ ಇಲ್ಲಿದೆ. ಜಿಲ್ಲೆಯ ತಾಂಡಾಗಳಲ್ಲಿ ಬಂಜಾರ ಸಮುದಾಯದ ಕನ್ಯೆಯರು ದೀಪಾವಳಿ ಅಮಾವಾಸ್ಯೆಯ ರಾತ್ರಿ ಕೈಯಲ್ಲಿ ದೀಪ ಹಿಡಿದು ಮನೆಮನೆಗೆ ಹೋಗಿ ಹಿರಿಯರಿಗೆ ಬೆಳಗಿ ಶುಭ ಕೋರುವ ‘ಮೇರಾ’ ಆಚರಣೆ ಅಂಥದು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ದನಗಾಹಿ ಹುಡುಗರು ದೀಪ ಹಿಡಿದು ಹಾಡುತ್ತ ದನಗಳಿಗೆ ಬೆಳಗುವ ‘ಆಣಿಪೀಣಿ’ಯೂ ಇದೇ ಬಗೆಯದು. ದೀಪಾಲಂಕಾರದ ಬಗೆಗಿನ ಚರ್ಚೆಗಳಲ್ಲಿ ಇವುಗಳ ಹೆಸರು ಬರುವುದು ಅಪರೂಪ.

ವಿದ್ಯುತ್ತಿನ ಕಾಲ

ವಿದ್ಯುದ್ದೀಪಗಳ ಹಬ್ಬದ ಸಿಂಗಾರ ಆರಂಭವಾದುದು ಕ್ರಿಸ್‌ಮಸ್‌ನಿಂದಲೇ. ಥಾಮಸ್ ಎಡಿಸನ್ನರ ಸಹವರ್ತಿ ಎಡ್ವರ್ಡ್ ಜಾನ್ಸನ್ 1882ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ತಮ್ಮ ಮನೆಯ ಕ್ರಿಸ್‌ಮಸ್ ಮರಕ್ಕೆ ಕೆಂಪು, ಬಿಳಿ, ನೀಲಿ ಬಣ್ಣಗಳ 80 ಬಲ್ಬುಗಳನ್ನು ಕಟ್ಟಿದರು. ಮರದ ಕೊಂಬೆಗೆ ಮೇಣದಬತ್ತಿ ಹಚ್ಚುವ ಅಪಾಯಕಾರಿ ರೂಢಿ ಮುಂದೆ ನಿಧಾನವಾಗಿ ಹಿಂದೆ ಸರಿಯಿತು.

ಕರ್ನಾಟಕದಲ್ಲಿ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ಬಂದಿತು. ಮೈಸೂರು ಅರಮನೆಯ ಮೇಲಿನ ಒಂದು ಲಕ್ಷಕ್ಕೆ ಸಮೀಪದ ಬಲ್ಬುಗಳು ಇಂದಿಗೂ ರಾಜ್ಯದಲ್ಲಿ ದೀಪಾಲಂಕಾರದ ಮಾತು ಬಂದಾಗ ಮೊದಲು ನೆನಪಾಗುವವು. ಅಷ್ಟು ದೀಪಗಳಿದ್ದೂ ಅದು ಕಣ್ಣಿಗೆ ಭಾರವಾಗುವುದಿಲ್ಲ. ದೀಪಗಳೆಲ್ಲ ಒಂದೇ ಬಣ್ಣದವು. ಕಮಾನು, ಗೋಪುರ, ಗುಮ್ಮಟಗಳ ಅಂಚನ್ನೇ ಹಿಡಿದು ಸಾಗುತ್ತವೆ, ಮಿಣುಕುವುದಿಲ್ಲ. ದಸರೆಯ ದಿನಗಳನ್ನು ಬಿಟ್ಟರೆ ಸಂಜೆ ಸ್ವಲ್ಪ ಹೊತ್ತು ಮಾತ್ರ ಉರಿದು ಆರುತ್ತವೆ.

ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬಿಜಾಪುರ ಜಿಲ್ಲೆಯ ಹಳ್ಳಿಗಳಿಗೆ ವಿದ್ಯುತ್ತು ಬಹು ತಡವಾಗಿ ಬಂದಿತು. ಬಡವರ ಮನೆಗಳಿಗೆ ಒಂದೇ ಬಲ್ಬಿನ ಸಂಪರ್ಕ ಕೊಟ್ಟ ‘ಭಾಗ್ಯಜ್ಯೋತಿ’ ಯೋಜನೆಯ ನೆನಪು ಈ ಊರುಗಳಲ್ಲಿ ಇನ್ನೂ ಹಸಿಯಾಗಿದೆ. ಒಂದು ಬಲ್ಬಿನಡಿಯಲ್ಲಿ ಅಡುಗೆ, ಊಟ, ಓದು ಎಲ್ಲವೂ ನಡೆದ ಮನೆಯ ಮಕ್ಕಳು ಇಂದು ತಮ್ಮ ಮನೆಯ ಗೋಡೆಯನ್ನು ಮಹಡಿಯಿಂದ ಹೊಸ್ತಿಲವರೆಗೆ ಸೀರಿಯಲ್ ಸೆಟ್ಟಿನಿಂದ ಮುಚ್ಚುತ್ತಾರೆ. ಇದನ್ನು ಬರಿಯ ಆಡಂಬರವೆಂದು ಹಳಿಯುವವರು ಆ ಒಂದು ಬಲ್ಬನ್ನು ಮರೆತಿರುತ್ತಾರೆ.

ಎಲ್‌ಇಡಿ ದೀಪ ಈ ರೂಢಿಯ ರೂಪವನ್ನೇ ಬದಲಿಸಿತು. ನೀಲಿ ಎಲ್‌ಇಡಿಯನ್ನು ರೂಪಿಸಿದ್ದಕ್ಕಾಗಿ ಇಸಾಮು ಅಕಸಾಕಿ, ಹಿರೋಶಿ ಅಮಾನೊ ಮತ್ತು ಶೂಜಿ ನಕಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಬಿಳಿಯ ಎಲ್‌ಇಡಿ ಬೆಳಕು ಸಾಧ್ಯವಾದುದು ಆ ನೀಲಿಯಿಂದ. ಜಾತ್ರೆಯ ಬೀದಿಗಳಲ್ಲಿ ಕಣ್ಣು ಚುಚ್ಚುವ ಬೆಳಕಿಗೂ ಬಹುಮಟ್ಟಿಗೆ ಕಾರಣ ಅದೇ ನೀಲಿ ಎಂಬುದು ಬೇರೆ ಮಾತು.

ನಾಲ್ಕು ಪಟ್ಟಣಗಳಲ್ಲಿ

ಬಸವನಬಾಗೇವಾಡಿಯಲ್ಲಿ ಶ್ರಾವಣದ ಜಾತ್ರೆ ಮತ್ತು ಅಕ್ಷಯ ತೃತೀಯದಂದು ಬರುವ ಬಸವ ಜಯಂತಿ ದೀಪಾಲಂಕಾರದ ಎರಡು ದೊಡ್ಡ ಸಂದರ್ಭಗಳು. ಇಂಡಿಯಲ್ಲಿ ಶಾಂತೇಶ್ವರ ಜಾತ್ರೆ, ಮುದ್ದೇಬಿಹಾಳದಲ್ಲಿ ಗ್ರಾಮದೇವತೆಯ ಜಾತ್ರೆಗಳಿಗೆ ಮುಖ್ಯಬೀದಿ ಸಜ್ಜಾಗುತ್ತದೆ. ಸಿಂದಗಿಯೂ ಸೇರಿದಂತೆ ಎಲ್ಲ ಕಡೆ ಗಣೇಶನ ಪೆಂಡಾಲುಗಳು ಉಂಟು. ಈದ್ ಮಿಲಾದಿಗೆ ಮಸೀದಿ ಮತ್ತು ಓಣಿಗಳು ಹಸಿರು ದೀಪಗಳಿಂದ ತುಂಬುತ್ತವೆ. ದೀಪ ಕಟ್ಟುವ ಲೈಟಿಂಗಿನವರಿಗೆ ಮಾತ್ರ ಧರ್ಮಭೇದವಿಲ್ಲ. ಜಾತ್ರೆಗೆ ಕಟ್ಟಿದ ಸರವನ್ನೇ ಉರುಸಿಗೆ, ಉರುಸಿಗೆ ಕಟ್ಟಿದ್ದನ್ನೇ ಮದುವೆಗೆ ಬಾಡಿಗೆ ಕೊಡುತ್ತಾರೆ.

ಕಳೆದ ಕೆಲವು ವರ್ಷಗಳಲ್ಲಿ ಬೀದಿಗೆ ಅಡ್ಡಲಾಗಿ ನಿಲ್ಲಿಸುವ ಕಮಾನುಗಳು ಹೆಚ್ಚಾಗಿವೆ. ದೇವರ, ಶರಣರ, ಮಹಾಪುರುಷರ ಆಕೃತಿಗಳನ್ನು ಸಾವಿರಾರು ಎಲ್‌ಇಡಿಗಳಿಂದ ರಚಿಸಿ, ಕ್ಷಣಕ್ಕೊಂದು ಬಣ್ಣ ಬದಲಾಗುವಂತೆ ಮಾಡಲಾಗುತ್ತದೆ. ಅವುಗಳ ಪಕ್ಕದಲ್ಲೇ ಶುಭ ಕೋರುವ ಮುಖಂಡರ ಕಟೌಟುಗಳಿಗೂ ಫೋಕಸ್ ದೀಪ ಬೀಳುತ್ತದೆ. ಕೆಲವು ಕಡೆ ದೇವರ ಕಮಾನಿಗಿಂತ ಕಟೌಟೇ ಹೆಚ್ಚು ಬೆಳಗುವುದುಂಟು. ಆಡಂಬರದ ಭಕ್ತಿಯನ್ನು ಒಪ್ಪದ ಶರಣನೊಬ್ಬನ ಜಯಂತಿಯಲ್ಲಿ ಇದು ಸಲ್ಲುವುದೇ ಎಂಬ ಪ್ರಶ್ನೆಯನ್ನು ಅವನ ಊರಿನವರೇ ಕೇಳಬೇಕಾಗಿದೆ.

ಇವೆಲ್ಲಕ್ಕಿಂತ ಬೇರೆ ಬಗೆಯದು ಆಲಮಟ್ಟಿಯ ಬೆಳಕು. ಅಣೆಕಟ್ಟೆಯ ಪಕ್ಕದ ಉದ್ಯಾನಗಳಲ್ಲಿ ಸಂಗೀತ ಕಾರಂಜಿ ಹಾಗೂ ಲೇಸರ್ ಪ್ರದರ್ಶನವಿದ್ದು, ರಾಷ್ಟ್ರೀಯ ಹಬ್ಬಗಳಲ್ಲಿ ಅಣೆಕಟ್ಟೆಗೆ ತ್ರಿವರ್ಣದ ಬೆಳಕು ಹರಿಸುವುದುಂಟು. ಬೆಳಕಿಗೆಂದೇ ಮೀಸಲಾದ ಸ್ಥಳದಲ್ಲಿ, ಗೊತ್ತಾದ ವೇಳೆಯಲ್ಲಿ, ನೋಡಬೇಕೆಂದು ಬಂದವರ ಮುಂದೆ ನಡೆಯುವ ಪ್ರದರ್ಶನ ಅದು. ನೋಡಲೊಲ್ಲದವನ ಕಿಟಕಿಯೊಳಗೆ ಅದು ನುಗ್ಗುವುದಿಲ್ಲ.

ಅಂದ ಮತ್ತು ಅತಿ

ನೋಡಲೊಲ್ಲದವನ ಹಕ್ಕಿನ ಪ್ರಶ್ನೆ ನ್ಯಾಯಾಲಯದವರೆಗೆ ಹೋದ ಪ್ರಸಿದ್ಧ ಪ್ರಸಂಗ ಅಮೆರಿಕದ್ದು. ಅರ್ಕನ್ಸಾ ರಾಜ್ಯದ ಲಿಟಲ್ ರಾಕ್ ನಗರದ ಜೆನಿಂಗ್ಸ್ ಆಸ್‌ಬಾರ್ನ್ ಎಂಬ ಉದ್ಯಮಿ, 1986ರಲ್ಲಿ ಮಗಳ ಆಸೆಯಂತೆ ಮನೆಗೆ ಕ್ರಿಸ್‌ಮಸ್ ದೀಪ ಕಟ್ಟಲಾರಂಭಿಸಿ, ವರ್ಷದಿಂದ ವರ್ಷಕ್ಕೆ ಹೆಚ್ಚಿಸುತ್ತ 30 ಲಕ್ಷ ದೀಪಗಳಿಗೆ ಮುಟ್ಟಿಸಿದರು. ನೋಡುವವರ ವಾಹನಗಳಿಂದ ಬೀದಿ ಕಟ್ಟಿಹೋಯಿತು. ನೆರೆಯವರು ದಾವೆ ಹೂಡಿದರು. 1994ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ನೆರೆಯವರ ಪರವಾಗಿ ನಿಂತಿತು. ದೀಪಗಳು 1995ರಲ್ಲಿ ಫ್ಲಾರಿಡಾದ ಡಿಸ್ನಿ ಉದ್ಯಾನಕ್ಕೆ ಹೋಗಿ, 2016ರ ಜನವರಿಯವರೆಗೆ ಅಲ್ಲಿ ಜನರನ್ನು ರಂಜಿಸಿದವು. ದೀಪಗಳು ಅವೇ, ಕಟ್ಟುವ ಉತ್ಸಾಹವೂ ಅದೇ. ಮನೆಗಳ ಬೀದಿಯಲ್ಲಿ ಉಪದ್ರವವಾದದ್ದು ಉದ್ಯಾನದಲ್ಲಿ ಸೊಗಸಾಯಿತು. ಸಂಖ್ಯೆಯನ್ನು ಹಿಡಿದು ಅತಿಯನ್ನು ಅಳೆಯಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನಮ್ಮ ಪಟ್ಟಣಗಳಲ್ಲಿ ಇಂಥ ದಾವೆಯನ್ನು ಊಹಿಸುವುದೂ ಕಷ್ಟ. ದೇವರ ಕಾರ್ಯಕ್ಕೆ ಅಡ್ಡಿ ಮಾಡಿದನೆಂಬ ಮಾತು ಯಾರಿಗೂ ಬೇಡ. ಹೀಗಾಗಿ ಮಿಣುಕುವ ಕಮಾನಿನ ಎದುರು ಮನೆಯ ರೋಗಿ, ಕೂಸು, ಪರೀಕ್ಷೆಗೆ ಓದುವ ಹುಡುಗಿ ಸುಮ್ಮನಿರುತ್ತಾರೆ. ಧ್ವನಿವರ್ಧಕಕ್ಕೆ ರಾತ್ರಿ 10 ಗಂಟೆಯ ಮಿತಿ ಇದೆ. ಡಿಜೆ ನಿಲ್ಲಿಸಲು ಪೊಲೀಸರನ್ನು ಕರೆಯಬಹುದು. ಬೆಳಕಿನ ವಿಷಯದಲ್ಲಿ ಜನರಿಗೆ ಪರಿಚಿತವಾದ ಅಂಥ ಗಡಿಯಾರವಿಲ್ಲ. ಜಾತ್ರೆ ಮುಗಿದ ಮೇಲೂ ವಾರಗಟ್ಟಲೆ ಬಿಚ್ಚದ ಸರಗಳು ಬೆಳಗಿನ ಜಾವದವರೆಗೆ, ನೋಡುವವರೊಬ್ಬರೂ ಇಲ್ಲದೆ, ಮಿಣುಕುತ್ತಿರುತ್ತವೆ. ಆ ಹೊತ್ತಿನಲ್ಲಿ ಅವನ್ನು ಅಲಂಕಾರವೆನ್ನುವುದು ಕಷ್ಟ.

ಅಂದದ ಕುರಿತು ಅನುಭವಸ್ಥ ಲೈಟಿಂಗಿನವರೇ ಒಪ್ಪುವ ಕೆಲವು ಸಂಗತಿಗಳಿವೆ. ಕಟ್ಟಡದ ಆಕಾರವನ್ನು ಹಿಂಬಾಲಿಸುವ ದೀಪ ಶೋಭಿಸುತ್ತದೆ, ಅದನ್ನು ಮುಚ್ಚುವ ದೀಪ ಶೋಭಿಸುವುದಿಲ್ಲ. ಹಳೆಯ ಕಲ್ಲಿನ ಗುಡಿಗೆ ಹಳದಿ ಬೆಳಕು ಒಪ್ಪುತ್ತದೆ. ನೇರಳೆ, ನೀಲಿಯ ಫೋಕಸ್ ಬಿದ್ದರೆ ಶಿಲ್ಪದ ಉಬ್ಬುತಗ್ಗುಗಳೇ ಅಳಿಸಿದಂತಾಗುತ್ತವೆ. ಬೇವಿನ ಗಿಡಕ್ಕೆ ಮೊಳೆ ಹೊಡೆದು ಸರ ಬಿಗಿಯುವುದು ಗಿಡಕ್ಕೂ ಒಳ್ಳೆಯದಲ್ಲ, ಅದರಲ್ಲಿ ಕೂರುವ ಹಕ್ಕಿಗೂ ಅಲ್ಲ.

ಕರೆಂಟಿನ ಲೆಕ್ಕ

ಹಿಂದಿನ ಬಸವನಬಾಗೇವಾಡಿ ತಾಲ್ಲೂಕಿನ ವ್ಯಾಪ್ತಿಯಲ್ಲೇ ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕ ಮತ್ತು ಕೂಡಗಿಯ 2,400 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರಗಳಿವೆ. ಇಷ್ಟು ವಿದ್ಯುತ್ತು ಹುಟ್ಟುವ ನೆಲದಲ್ಲಿಯೇ ಇಂಡಿಯ ಲಿಂಬೆ, ದ್ರಾಕ್ಷಿ ಬೆಳೆಗಾರರು ತ್ರೀ ಫೇಸ್ ಕರೆಂಟು ಯಾವಾಗ ಬರುವುದೆಂದು ರಾತ್ರಿ ಎದ್ದು ಕಾಯುತ್ತಾರೆ. ಮಳೆ ಕೈಕೊಟ್ಟ 2023ರ ಅಕ್ಟೋಬರಿನಲ್ಲಿ ರಾಜ್ಯದಲ್ಲಿ ಕೃಷಿ ಪಂಪ್‌ಸೆಟ್ಟುಗಳಿಗೆ ಕೊಡುತ್ತಿದ್ದ ಪೂರೈಕೆಯನ್ನು ದಿನಕ್ಕೆ 7 ಗಂಟೆಗಳಿಂದ 5 ಗಂಟೆಗಳಿಗೆ ಇಳಿಸಲಾಯಿತು. ರೈತರ ಪ್ರತಿಭಟನೆಯ ನಂತರ ಅದನ್ನು ಮತ್ತೆ 7 ಗಂಟೆಗೆ ತರಲಾಯಿತು. ದಸರೆ, ದೀಪಾವಳಿಯ ದೀಪಗಳು ಉರಿದದ್ದು ಅದೇ ತಿಂಗಳುಗಳಲ್ಲಿ.

ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಮಾಡಬೇಕು. ಸಾಮಾನ್ಯ ಎಲ್‌ಇಡಿ ಸರವೊಂದಕ್ಕೆ ಸುಮಾರು 5 ವ್ಯಾಟ್ ಸಾಕು. ನೂರು ಸರ ಕಟ್ಟಿದರೂ 500 ವ್ಯಾಟ್, ಅಂದರೆ ಎರಡು ಗಂಟೆಗೆ ಒಂದು ಯುನಿಟ್. ಐದು ಅಶ್ವಶಕ್ತಿಯ ಪಂಪ್‌ಸೆಟ್ ಒಂದೇ ಸುಮಾರು 3.7 ಕಿಲೋವ್ಯಾಟ್ ಎಳೆಯುತ್ತದೆ. ಮನೆಯವರು ಕಟ್ಟಿದ ನಾಲ್ಕು ಸರಗಳನ್ನು ಹಿಡಿದು ರೈತನ ಹೆಸರಿನಲ್ಲಿ ಬೈಯುವುದು ಅನ್ಯಾಯ. ಆದರೆ 500 ವ್ಯಾಟಿನ ಎಂಟು ಹ್ಯಾಲೊಜನ್ ದೀಪಗಳನ್ನು ಕಟೌಟಿಗೆ ಹಚ್ಚಿದರೆ ಅದು 4 ಕಿಲೋವ್ಯಾಟ್, ಅಂದರೆ ಒಂದು ಪಂಪಿಗಿಂತ ಹೆಚ್ಚು. ಅಂಥ ಕಟೌಟುಗಳ ಸಾಲಿಗೆ ಸಂಜೆಯ ಹೊತ್ತಿನಲ್ಲಿ, ಎಲ್ಲ ಮನೆಗಳ ಬಳಕೆಯೂ ಏರಿರುವಾಗ, ಒಂದೇ ಟಿ.ಸಿ.ಯಿಂದ ಕರೆಂಟು ಎಳೆದರೆ ಟಿ.ಸಿ. ಸುಡುತ್ತದೆ, ಕತ್ತಲಾಗುವುದು ಇಡೀ ಓಣಿಗೆ. ಜಾತ್ರೆಯ ದೀಪ ಆರಿಸಿದ ಕೂಡಲೇ ಹೊಲಕ್ಕೆ ನೀರು ಹರಿಯುತ್ತದೆಂಬುದೂ ನಿಜವಲ್ಲ. ಹಳ್ಳಿಯ ಮನೆಗಳ ಮಾರ್ಗವನ್ನೂ ಪಂಪ್‌ಸೆಟ್ಟುಗಳ ಮಾರ್ಗವನ್ನೂ ‘ನಿರಂತರ ಜ್ಯೋತಿ’ ಯೋಜನೆ ಬಹಳ ಕಡೆ ಬೇರ್ಪಡಿಸಿದೆ. ಆದರೂ ಒಣಗುವ ಲಿಂಬೆ ತೋಟದಿಂದ ಊರಿಗೆ ಬಂದವನ ಕಣ್ಣಿಗೆ ಬೆಳಗಿನ ತನಕ ಉರಿಯುವ ಕಮಾನು ಹೇಗೆ ಕಂಡೀತು ಎಂಬುದು ಯುನಿಟ್ಟಿನ ಲೆಕ್ಕಕ್ಕೆ ಸಿಗುವ ವಿಷಯವಲ್ಲ.

ಮನೆಗಳಿಗೆ ತಿಂಗಳಿಗೆ 200 ಯುನಿಟ್‌ವರೆಗೆ ಉಚಿತ ವಿದ್ಯುತ್ ನೀಡುವ ‘ಗೃಹಜ್ಯೋತಿ’ ಯೋಜನೆ 2023ರಲ್ಲಿ ಜಾರಿಗೆ ಬಂದಿತು. ಜಾರಿಗೆ ಬಂದಾಗ ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡ 10ನ್ನು ಸೇರಿಸಿದ ಮಿತಿಯೊಳಗೆ ಮಾತ್ರ ಅದು ಉಚಿತವಾಗಿತ್ತು. ಬಡ ಕುಟುಂಬಕ್ಕೆ ಇದು ದೊಡ್ಡ ಆಸರೆಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಶೂನ್ಯ ಬಿಲ್ಲು ಬರುವ ಮನೆಯಲ್ಲಿ ದೀಪಕ್ಕೆ ಬೆಲೆಯೊಂದಿದೆ ಎಂಬುದೇ ಮರೆಯಾಗುತ್ತದೆ.

ಕಾನೂನು ಮತ್ತು ಸುರಕ್ಷತೆ

ಸಾರ್ವಜನಿಕ ದೀಪಾಲಂಕಾರಕ್ಕೆ ವಿದ್ಯುತ್ ಕಂಪನಿಯಿಂದ ತಾತ್ಕಾಲಿಕ ಸಂಪರ್ಕ ಪಡೆಯಬೇಕು. ವಿಜಯಪುರ ಜಿಲ್ಲೆಗೆ ಅದು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿ, ಅಂದರೆ ಹೆಸ್ಕಾಂ. ಕಂಬದ ತಂತಿಗೆ ನೇರವಾಗಿ ಕೊಂಡಿ ಹಾಕುವುದು 2003ರ ವಿದ್ಯುಚ್ಛಕ್ತಿ ಅಧಿನಿಯಮದ 135ನೆಯ ಕಲಮಿನ ಪ್ರಕಾರ ಕಳವು. ಅದಕ್ಕೆ ಮೂರು ವರ್ಷದವರೆಗೆ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. 2023ರ ನವೆಂಬರಿನಲ್ಲಿ ಮಾಜಿ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿ ಅವರ ಬೆಂಗಳೂರಿನ ಮನೆಯ ದೀಪಾವಳಿ ದೀಪಗಳಿಗೆ ಕಂಬದಿಂದ ನೇರ ಸಂಪರ್ಕ ಪಡೆದ ಬಗ್ಗೆ ಪ್ರಕರಣ ದಾಖಲಾಗಿ, ಅವರಿಗೆ 68,526 ರೂಪಾಯಿ ದಂಡ ವಿಧಿಸಲಾಯಿತು. ಅಲಂಕಾರದ ಗುತ್ತಿಗೆ ಪಡೆದ ಖಾಸಗಿಯವರು ತಮಗೆ ತಿಳಿಯದೆ ಹಾಗೆ ಮಾಡಿದ್ದರೆಂದು ಹೇಳಿ ಅವರು ವಿಷಾದ ವ್ಯಕ್ತಪಡಿಸಿದರು. ಗುತ್ತಿಗೆಯವರು ಸಂಪರ್ಕವನ್ನು ಎಲ್ಲಿಂದ ತಂದರೆಂದು ಮನೆಯ ಯಜಮಾನ ಅಥವಾ ಜಾತ್ರಾ ಕಮಿಟಿ ಕೇಳದಿರುವುದು ಎಲ್ಲೆಲ್ಲೂ ಉಂಟು.

ಅಪಾಯ ಹೆಚ್ಚಾಗಿ ಬರುವುದು ಇಲ್ಲಿಂದಲೇ. ನೇರ ಕೊಂಡಿಗೆ ಫ್ಯೂಸು, ಸೋರಿಕೆ ತಡೆಯುವ ಸ್ವಿಚ್ಚು ಯಾವುದೂ ಇರುವುದಿಲ್ಲ. ಗಣೇಶೋತ್ಸವ ಮತ್ತು ಶ್ರಾವಣದ ಜಾತ್ರೆಗಳು ಮಳೆಗಾಲದಲ್ಲಿ ಬರುತ್ತವೆ. ಸುಲಿದ ತಂತಿಯ ಜೋಡಣೆ ಕಬ್ಬಿಣದ ಕಮಾನಿಗೆ ತಗುಲಿದರೆ ಕಮಾನೇ ಕರೆಂಟಿನದಾಗುತ್ತದೆ. ಅದನ್ನು ಹಿಡಿದು ನಿಲ್ಲುವವರು ಸಾಮಾನ್ಯವಾಗಿ ಮಕ್ಕಳು. ತೇರು ಸಾಗುವ ಬೀದಿಯಲ್ಲಿ ಕಳಸದ ಎತ್ತರಕ್ಕಿಂತ ಕೆಳಗೆ ಸರ ಅಥವಾ ತಂತಿ ಇರಬಾರದು. ಕಮಾನುಗಳನ್ನು ಕೈಗೆ ಸಿಗದಂತೆ ನಿಲ್ಲಿಸಿ, ಭೂಸಂಪರ್ಕ ಕೊಟ್ಟು, ಜೋಡಣೆಗಳಿಗೆ ಟೇಪು ಸುತ್ತಿ, ಮಳೆ ಬಂದಾಗ ಒಂದೇ ಸ್ವಿಚ್ಚಿನಿಂದ ಎಲ್ಲವನ್ನೂ ಆರಿಸುವ ವ್ಯವಸ್ಥೆ ಇರಬೇಕು. ಆ ಸ್ವಿಚ್ಚಿನ ಬಳಿ ಜಾತ್ರೆ ಮುಗಿಯುವವರೆಗೆ ತಿಳಿದವನೊಬ್ಬ ಕುಳಿತಿರಬೇಕು. ದೀಪಗಳನ್ನು ಬಿಚ್ಚುವ ದಿನವನ್ನು ಕಟ್ಟುವ ದಿನವೇ ಗೊತ್ತುಮಾಡಿ ಬಾಡಿಗೆ ಚೀಟಿಯಲ್ಲಿ ಬರೆಸುವುದು ಜಾತ್ರಾ ಕಮಿಟಿಗಳಿಗೆ ಕಷ್ಟದ ಕೆಲಸವೇನಲ್ಲ.